ರಟ್ಟಿನ ಡಬ್ಬಿ, ಚಮಚ, ಸ್ವಲ್ಪ ನೀರು: ಪುಟ್ಟ ಮಕ್ಕಳಿಗೆ ಮನೆಯಲ್ಲೇ ಕಲಿಕೆಯ ಆಟಗಳು

ಮನೆಯಲ್ಲೇ ಮಾಡಬಹುದಾದ ಆಟಗಳ ಪಟ್ಟಿಗೆ ಬರವೇನಿಲ್ಲ. ಕಷ್ಟ ಇರುವುದು ಬೇರೆ ಕಡೆ. ಅರ್ಧ ಗಂಟೆ ಕೂತು, ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ಮಗುವಿನ ಮುಂದೆ ಇಡುತ್ತೀರಿ. ಮಗು ಒಂದು ಸಲ ಮುಟ್ಟಿ ನೋಡಿ, ಅಂಟಿನ ಡಬ್ಬಿಯ ಮುಚ್ಚಳ ಎತ್ತಿಕೊಂಡು ಹೊರಟುಬಿಡುತ್ತದೆ. ಮುಚ್ಚಳ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ನೀವು ಮಾಡಿಟ್ಟ ಆಟ ಅಲ್ಲೇ ಬಿದ್ದಿರುತ್ತದೆ.

ಮಗುವಿನ ತಲೆಯಲ್ಲಿ ಆಗ ಬೇರೊಂದು ಪ್ರಶ್ನೆ ಓಡುತ್ತಿತ್ತು: ಯಾವುದು ಯಾವುದಕ್ಕೆ ಕೂರುತ್ತದೆ? ಒಂದರಿಂದ ಐದು ವರ್ಷದ ಮಕ್ಕಳಿಗೆ ಇಂಥ ಪ್ರಶ್ನೆಗಳು ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ. ಕೈ ಬಿಟ್ಟರೆ ಬೀಳುತ್ತದಾ? ಮುಚ್ಚಿಟ್ಟರೆ ಅಲ್ಲೇ ಇರುತ್ತದಾ? ಇದರಲ್ಲಿ ಎಷ್ಟು ಹಿಡಿಸುತ್ತದೆ? ಇವೆರಡೂ ಒಂದೇನಾ? ಮಗು ಈಗ ಯಾವ ಪ್ರಶ್ನೆಯ ಹಿಂದೆ ಬಿದ್ದಿದೆ ಅಂತ ಗೊತ್ತಾದರೆ ಅದಕ್ಕೆ ತಕ್ಕ ಆಟ ಮಾಡುವುದು ಸುಲಭ, ಖರ್ಚಂತೂ ಇಲ್ಲವೇ ಇಲ್ಲ ಅನ್ನಬಹುದು. ಗೊತ್ತಾಗದಿದ್ದರೆ ಎಷ್ಟು ದುಬಾರಿ ಆಟಿಕೆ ತಂದರೂ ಅದು ಮೂಲೆ ಸೇರುತ್ತದೆ. ಹಾಗಾಗಿ ಇಲ್ಲಿ ಆಟಗಳ ಜೊತೆಗೆ, ಆ ಆಟ ಆಡುವಾಗ ಮಗುವಿನ ತಲೆಯಲ್ಲಿ ಏನು ನಡೆಯುತ್ತಿರುತ್ತದೆ ಅನ್ನುವುದನ್ನೂ ಹೇಳುತ್ತೇನೆ.

ಸೀಳು ಇರುವ ಡಬ್ಬಿ

ಸುಮಾರು ಎಂಟು ತಿಂಗಳವರೆಗೆ, ಕಣ್ಣೆದುರೇ ಒಂದು ವಸ್ತುವಿನ ಮೇಲೆ ಬಟ್ಟೆ ಮುಚ್ಚಿದರೂ ಮಗು ಸಾಮಾನ್ಯವಾಗಿ ಅದನ್ನು ಹುಡುಕಲು ಹೋಗುವುದಿಲ್ಲ. ಆಮೇಲೆ ಬಟ್ಟೆ ಎಳೆದು ನೋಡಲು ಶುರು ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತಮ್ಮ ಮೂವರು ಮಕ್ಕಳನ್ನೇ ಹತ್ತಿರದಿಂದ ಗಮನಿಸಿ ಇದನ್ನು ಬರೆದಿಟ್ಟರು. ಮಕ್ಕಳು ಎಲ್ಲಿ ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ ಅಂತ ಅಳೆದ ನಂತರದ ಸಂಶೋಧಕರು ಈ ತಿಳಿವಳಿಕೆ ಇನ್ನೂ ಮೊದಲೇ ಮೊಳೆಯುತ್ತದೆ ಅನ್ನುತ್ತಾರೆ. ಏನೇ ಇರಲಿ, ಕಾಣದಿದ್ದರೂ ವಸ್ತು ಅಲ್ಲೇ ಇದೆ, ಹೋದದ್ದು ಮತ್ತೆ ಸಿಗುತ್ತದೆ ಅನ್ನುವುದು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಒಂದು ವರ್ಷದ ಮಗು ಹಾಕು-ತೆಗೆ ಆಟಕ್ಕೆ ಅಷ್ಟು ಅಂಟಿಕೊಳ್ಳಲು ಇದೂ ಒಂದು ಕಾರಣ.

ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಗೊಳ್ಳಿ. ಮುಚ್ಚಳದಲ್ಲಿ ಒಂದು ಹಳೇ ಕಾರ್ಡ್ ಸಲೀಸಾಗಿ ಇಳಿಯುವಷ್ಟು ಸೀಳು ಕೊಯ್ಯಿರಿ. ಅಂಚು ಕೈಗೆ ತಾಗದ ಹಾಗೆ ಟೇಪ್ ಅಂಟಿಸಿ. ಕಾರ್ಡ್ ಇಲ್ಲದಿದ್ದರೆ ದಪ್ಪ ರಟ್ಟನ್ನೇ ಅದೇ ಅಳತೆಗೆ ಕತ್ತರಿಸಿಕೊಳ್ಳಿ. ಐದಾರು ಸಾಕು.

ಈಗ ಸುಮ್ನೆ ನೋಡಿ. ಮಗು ಮೊದಲು ಕಾರ್ಡನ್ನು ಸೀಳಿಗೆ ಅಡ್ಡವಾಗಿ ಇಟ್ಟು ಒತ್ತುತ್ತದೆ. ಹೋಗುವುದಿಲ್ಲ. ಇನ್ನೂ ಜೋರಾಗಿ ಒತ್ತುತ್ತದೆ. ಡಬ್ಬಿ ಜಾರುತ್ತದೆ. ಆಗ ಇನ್ನೊಂದು ಕೈ ಬಂದು ಡಬ್ಬಿಯನ್ನು ಹಿಡಿದುಕೊಳ್ಳುತ್ತದೆ. ಒಂದು ಕೈ ಹಿಡಿಯಬೇಕು, ಇನ್ನೊಂದು ಕೆಲಸ ಮಾಡಬೇಕು ಅನ್ನುವ ಈ ಹಂಚಿಕೆ ಸಣ್ಣದಲ್ಲ. ಮುಂದೆ ಕಾಗದ ಹಿಡಿದು ಕತ್ತರಿಸುವುದಕ್ಕೂ, ಅಂಗಿಯ ಗುಂಡಿ ಹಾಕುವುದಕ್ಕೂ ಇದೇ ಬೇಕು. ಮತ್ತೆ ಒಂದೆರಡು ಸಲ ತಪ್ಪುತ್ತದೆ. ಮಣಿಕಟ್ಟು ತುಸು ತಿರುಗುತ್ತದೆ, ಕಾರ್ಡಿನ ಒಂದು ಮೂಲೆ ಸೀಳಿನೊಳಗೆ ಸಿಕ್ಕುತ್ತದೆ, ಟಪ್ ಅಂತ ಬೀಳುತ್ತದೆ. ಮಗು ತಟ್ಟನೆ ನಿಮ್ಮ ಮುಖ ನೋಡುತ್ತದೆ. ಆ ನೋಟಕ್ಕೆ ನೀವು ಉತ್ತರ ಕೊಡಲೇಬೇಕು. 'ಒಳಗೆ ಬಿತ್ತು!' ಅಂದರೆ ಸಾಕು.

ಅದು ಸಲೀಸಾದ ಮೇಲೆ ಡಬ್ಬಿಯನ್ನು ಕಾಲು ಸುತ್ತು ತಿರುಗಿಸಿಡಿ. ಅಡ್ಡ ಇದ್ದ ಸೀಳು ಈಗ ಉದ್ದವಾಯಿತು. ದೊಡ್ಡವರ ಕಣ್ಣಿಗೆ ಏನೂ ಬದಲಾಗಿಲ್ಲ. ಮಗುವಿಗೆ ಮಾತ್ರ ಇದು ಹೊಸ ಲೆಕ್ಕ, ಮಣಿಕಟ್ಟನ್ನು ಬೇರೆ ಥರ ತಿರುಗಿಸಬೇಕು. ಮನೆ ಆಟಗಳಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ ಇದು. ಹೊಸ ಆಟ ಹುಡುಕುವ ಬದಲು, ಇರುವ ಆಟದಲ್ಲೇ ಒಂದೇ ಒಂದು ಸಂಗತಿಯನ್ನು ಬದಲಾಯಿಸಿ ನೋಡಿ.

ಎಲ್ಲವನ್ನೂ ಎಸೆಯುವ ಕಾಲವೂ ಒಂದು ಬರುತ್ತದೆ. ಆಗ ಉಂಡೆ ಕಟ್ಟಿದ ಕಾಲುಚೀಲ ಮತ್ತು ಒಂದು ಬುಟ್ಟಿ ಕೊಡಿ. ಎಸೆಯಬೇಡ ಅಂತ ಹೇಳುವುದಕ್ಕಿಂತ, ಎಸೆಯಬಹುದಾದ್ದನ್ನು ಕೈಗೆ ಕೊಡುವುದು ಇಬ್ಬರಿಗೂ ನೆಮ್ಮದಿ.

ಸಾಮಾನು ಕಡಿಮೆ ಇದ್ದಷ್ಟೂ ಒಳ್ಳೆಯದು. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಿಗೆ ಒಂದು ಸಲ 4 ಆಟಿಕೆ, ಇನ್ನೊಂದು ಸಲ 16 ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು ಕಳೆದರು, ಹೆಚ್ಚು ಬಗೆಯಲ್ಲಿ ಆಡಿದರು.

ನೀರು ಸುರಿಯುವುದು

ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಮನೆ ತೆರೆದರು. ಅವರ ಪದ್ಧತಿಯಲ್ಲಿ ಕೈ ತೊಳೆಯುವುದು, ಸುರಿಯುವುದು, ಒರೆಸುವುದು, ಗುಂಡಿ ಹಾಕುವುದು ಎಲ್ಲವೂ ಪಾಠವೇ. ಅವುಗಳಲ್ಲಿ ಸುರಿಯುವುದನ್ನು ಮನೆಯಲ್ಲಿ ಮಾಡಿಸುವುದು ಬಹಳ ಸುಲಭ.

ಅಂಚಿರುವ ಒಂದು ತಟ್ಟೆ, ಹಿಡಿಕೆ ಇರುವ ಎರಡು ಸಣ್ಣ ಜಗ್ಗು ಅಥವಾ ಲೋಟ, ಒಂದು ಸ್ಪಂಜು. ಒಂದರಲ್ಲಿ ಕಾಲು ಭಾಗ ಮಾತ್ರ ನೀರು. ತುಂಬಾ ನೀರು ಕೊಟ್ಟರೆ ಜಗ್ಗು ಭಾರವಾಗಿ ಕೈ ನಡುಗುತ್ತದೆ, ಚೆಲ್ಲುತ್ತದೆ, ಆಮೇಲೆ ನಮ್ಮ ಬೈಗುಳ. ಕಡಿಮೆ ಕೊಟ್ಟರೆ ಚೆಲ್ಲಿದರೂ ತಟ್ಟೆಯೊಳಗೇ ಇರುತ್ತದೆ. ಒರೆಸುವುದನ್ನೂ ಆಟದ ಭಾಗ ಮಾಡಿ. ಸ್ಪಂಜು ಅದ್ದಿ, ಹಿಂಡಿ, ಬಟ್ಟಲಿಗೆ ಬಿಡುವುದು ಕೆಲವು ಮಕ್ಕಳಿಗೆ ಸುರಿಯುವುದಕ್ಕಿಂತ ಇಷ್ಟ. ಆ ಹಿಂಡುವ ಕೈಯೇ ನಾಳೆ ಪೆನ್ಸಿಲ್ ಹಿಡಿಯುವ ಕೈ ಅನ್ನುವುದನ್ನು ನೆನಪಿಡಿ.

ಒಂದೆರಡು ವಾರ ಕಳೆದ ಮೇಲೆ ಲೋಟದ ಹೊರಗೆ ಒಂದು ಬಣ್ಣದ ಟೇಪ್ ಅಂಟಿಸಿ, 'ಇಲ್ಲಿಯವರೆಗೆ ಮಾತ್ರ' ಅನ್ನಿ. ಇಲ್ಲಿಯವರೆಗೆ ಸುರಿಯುವುದು ಆಟವಾಗಿತ್ತು. ಈಗ ಸರಿಯಾದ ಹೊತ್ತಿಗೆ ನಿಲ್ಲಿಸುವುದು ಆಟವಾಯಿತು. ನಿಲ್ಲಿಸುವುದು ಬಹಳ ಕಷ್ಟ. ಕೈ ಮಾಡುತ್ತಿರುವುದನ್ನು ಕಣ್ಣು ನೋಡಿ ಸಾಕು ಅನ್ನಬೇಕು.

ನಾಲ್ಕೈದು ವರ್ಷದ ಮಗುವಿನ ಜೊತೆ ಪಿಯಾಜೆಯ ಒಂದು ಹೆಸರಾಂತ ಪ್ರಯೋಗವನ್ನೂ ಮಾಡಬಹುದು. ಒಂದೇ ಥರದ ಎರಡು ಲೋಟಗಳಲ್ಲಿ ಸಮ ನೀರು ಹಾಕಿ. ಎರಡೂ ಸಮ ಅಂತ ಮಗು ಒಪ್ಪಲಿ. ಆಮೇಲೆ ಅದರ ಎದುರೇ ಒಂದರ ನೀರನ್ನು ಉದ್ದನೆಯ ತೆಳ್ಳಗಿನ ಲೋಟಕ್ಕೆ ಸುರಿಯಿರಿ. ಯಾವುದರಲ್ಲಿ ಜಾಸ್ತಿ ಇದೆ ಅಂತ ಕೇಳಿದರೆ ಹೆಚ್ಚಿನ ಮಕ್ಕಳು ಉದ್ದ ಲೋಟ ತೋರಿಸುತ್ತಾರೆ. ಹೊಸದಾಗಿ ಒಂದು ಹನಿಯೂ ಸೇರಿಲ್ಲ ಅಂತ ಕಣ್ಣಾರೆ ನೋಡಿದ್ದರೂ ಅಷ್ಟೇ. ಎತ್ತರ ಒಂದನ್ನೇ ನೋಡುತ್ತಾರೆ, ಅಗಲ ಲೆಕ್ಕಕ್ಕೆ ಬರುವುದಿಲ್ಲ. ದಯವಿಟ್ಟು ತಿದ್ದಲು ಹೋಗಬೇಡಿ. 'ಹೌದಾ? ವಾಪಸ್ ಸುರಿದು ನೋಡೋಣವಾ?' ಅನ್ನಿ. ಆರೇಳು ವರ್ಷದ ಹೊತ್ತಿಗೆ ಹೆಚ್ಚಿನವರಿಗೆ ಇದು ತಾನಾಗಿ ತಿಳಿಯುತ್ತದೆ. ಅಲ್ಲಿಯವರೆಗೆ ಬೇಕಾಗಿರುವುದು ಸುರಿದು ಸುರಿದು ನೋಡುವ ಅವಕಾಶ.

ಬೇರ್ಪಡಿಸುವುದು, ಆಮೇಲೆ ನಿಯಮ ಬದಲಿಸುವುದು

ಬಣ್ಣದ ಪ್ರಕಾರ ಬೇರ್ಪಡಿಸುವ ಆಟ ಎಲ್ಲರಿಗೂ ಗೊತ್ತು. ಅದು ಅಲ್ಲಿಗೇ ನಿಂತುಬಿಡುವುದು ಬೇಸರ, ಯಾಕೆಂದರೆ ನಿಜವಾದ ಸ್ವಾರಸ್ಯ ಶುರುವಾಗುವುದು ಅದರ ನಂತರ.

ಹಳೇ ರಟ್ಟಿನಲ್ಲಿ ಕೆಂಪು ಮತ್ತು ನೀಲಿ ಬಣ್ಣದ ಚಿತ್ರಗಳನ್ನು ಮಾಡಿ. ಕೆಲವು ದೋಣಿ, ಕೆಲವು ಮೊಲ, ಎರಡೂ ಎರಡೂ ಬಣ್ಣದಲ್ಲಿ. ಮೊದಲು ಬಣ್ಣದ ಆಟ: ಕೆಂಪು ಈ ಡಬ್ಬಿಗೆ, ನೀಲಿ ಆ ಡಬ್ಬಿಗೆ. ಐದಾರು ಸಲ ಆದ ಮೇಲೆ, 'ಈಗ ಚಿತ್ರದ ಆಟ. ಮೊಲ ಈ ಡಬ್ಬಿಗೆ, ದೋಣಿ ಆ ಡಬ್ಬಿಗೆ' ಅನ್ನಿ. ಮೂರು ವರ್ಷದ ಎಷ್ಟೋ ಮಕ್ಕಳು ಮೊದಲಿನ ನಿಯಮದ ಪ್ರಕಾರವೇ ಹಾಕುತ್ತಾರೆ. ಇನ್ನೂ ಅಚ್ಚರಿಯ ಸಂಗತಿ ಏನೆಂದರೆ, 'ಚಿತ್ರದ ಆಟದಲ್ಲಿ ಮೊಲ ಎಲ್ಲಿಗೆ ಹೋಗಬೇಕು?' ಅಂತ ಕೇಳಿದರೆ ಸರಿಯಾದ ಡಬ್ಬಿಯನ್ನೇ ತೋರಿಸುತ್ತಾರೆ. ಮರುಗಳಿಗೆ ಕೈಯಲ್ಲಿರುವ ಕಾರ್ಡನ್ನು ಹಳೇ ಡಬ್ಬಿಗೇ ಹಾಕುತ್ತಾರೆ! ಮನೋವಿಜ್ಞಾನಿ ಫಿಲಿಪ್ ಜೆಲಾಜೊ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದರು. ಐದು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಸಲೀಸಾಗಿ ನಿಯಮ ಬದಲಿಸಿಕೊಳ್ಳುತ್ತಾರೆ.

ಇದನ್ನು ತಿಳಿದುಕೊಂಡರೆ ಮಗುವಿನ ಮೇಲಿನ ಸಿಟ್ಟು ಎಷ್ಟೋ ಕಡಿಮೆಯಾಗುತ್ತದೆ. ಹೇಳಿದ್ದು ಗೊತ್ತಿದ್ದೂ ಮಾಡುವುದಿಲ್ಲ ಅಂತ ನಾವು ಅದನ್ನು ಹಟ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಹಟವಲ್ಲ. ಶುರುವಾದ ಕೆಲಸವನ್ನು ತಡೆದು ಇನ್ನೊಂದಕ್ಕೆ ತಿರುಗುವ ಶಕ್ತಿ ಇನ್ನೂ ಬೆಳೆಯುತ್ತಿದೆ, ಅಷ್ಟೇ. ಅದಕ್ಕೆ ಅಭ್ಯಾಸ ಕೊಡುವ ಆಟಗಳಿಗೆ ಸಾಮಾನೇ ಬೇಡ. ಹಾಡು ನಿಂತ ಕೂಡಲೇ ಕಲ್ಲಿನ ಹಾಗೆ ನಿಲ್ಲುವುದು. ನಾನು ತಲೆ ಮುಟ್ಟಿದರೆ ನೀನು ಕಾಲು ಮುಟ್ಟು, ನಾನು ಕಾಲು ಮುಟ್ಟಿದರೆ ನೀನು ತಲೆ ಮುಟ್ಟು. ಮೂರು ವರ್ಷಕ್ಕೆ ಮೊದಲನೆಯದು ಸಾಕು, ಎರಡನೆಯದು ನಾಲ್ಕು ದಾಟಿದವರಿಗೆ.

ಎಣಿಸುವುದು ಬೇರೆ, ಎಷ್ಟು ಅಂತ ತಿಳಿಯುವುದು ಬೇರೆ

ಒಂದರಿಂದ ಹತ್ತು ಹೇಳುವ ಎರಡೂವರೆ ವರ್ಷದ ಮಗುವಿಗೆ 'ಮೂರು ಚಮಚ ಕೊಡು' ಅಂದರೆ ಕೈಗೆ ಸಿಕ್ಕಷ್ಟು ಬಾಚಿ ಕೊಡುತ್ತದೆ. ಐದು ಮುಚ್ಚಳ ಎಣಿಸಿ ಮುಗಿಸಿದ ಮಗುವಿಗೆ 'ಹಾಗಾದರೆ ಎಷ್ಟಿವೆ?' ಅಂತ ಕೇಳಿದರೆ ಮತ್ತೆ ಒಂದರಿಂದ ಶುರು ಮಾಡುತ್ತದೆ. ಎಣಿಕೆಯ ಕೊನೆಯ ಸಂಖ್ಯೆಯೇ ಒಟ್ಟು ಎಷ್ಟು ಅನ್ನುವುದರ ಉತ್ತರ ಅಂತ ಅದಕ್ಕೆ ಇನ್ನೂ ಗೊತ್ತಾಗಿಲ್ಲ. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅನ್ನುವ ಸಂಶೋಧಕರು 1978ರಲ್ಲಿ ಎಣಿಕೆಯ ಹಿಂದೆ ಐದು ತತ್ವಗಳಿವೆ ಅಂತ ವಿವರಿಸಿದರು. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಸಂಖ್ಯೆಗಳ ಕ್ರಮ ಬದಲಾಗಬಾರದು, ಕೊನೆಯ ಸಂಖ್ಯೆಯೇ ಮೊತ್ತ, ಏನನ್ನು ಬೇಕಾದರೂ ಎಣಿಸಬಹುದು, ಯಾವ ಕಡೆಯಿಂದ ಎಣಿಸಿದರೂ ಅಷ್ಟೇ. ದೊಡ್ಡವರಿಗೆ ಇದರಲ್ಲಿ ಕಲಿಯುವುದೇನಿದೆ ಅನ್ನಿಸುತ್ತದೆ. ಮಗು ಒಂದೊಂದನ್ನೂ ಕಂಡುಕೊಳ್ಳಬೇಕು.

ಊಟದ ಹೊತ್ತಿಗೆ ಪ್ರತಿ ತಟ್ಟೆಯ ಪಕ್ಕ ಒಂದು ಚಮಚ ಇಡಲು ಹೇಳಿ. ಒಂದಕ್ಕೆ ಒಂದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಆಟ ನನಗೆ ಕಾಣಿಸಿಲ್ಲ, ಯಾಕೆಂದರೆ ತಪ್ಪಾದರೆ ತಟ್ಟೆಯೇ ಹೇಳುತ್ತದೆ. ಎಣಿಸುವಾಗ ವಸ್ತುವನ್ನು ಈ ಬದಿಯಿಂದ ಆ ಬದಿಗೆ ಸರಿಸುತ್ತಾ ಎಣಿಸಿ, ಎರಡೆರಡು ಸಲ ಎಣಿಸುವುದು ತಪ್ಪುತ್ತದೆ. ಮೊತ್ತವನ್ನೂ ಎಣಿಕೆಯನ್ನೂ ಜೋಡಿಸಿ ಹೇಳಿ: 'ಮೂರು ಮುಚ್ಚಳ. ಒಂದು, ಎರಡು, ಮೂರು. ಮೂರು ಮುಚ್ಚಳ.' ಮೂರು, ನಾಲ್ಕು ಅನ್ನುವುದು ಗಟ್ಟಿಯಾಗುವವರೆಗೆ ನೂರರವರೆಗೆ ಬಾಯಿಪಾಠ ಮಾಡಿಸುವುದರಲ್ಲಿ ಅವಸರ ಬೇಡ.

ಕೈಬೆರಳಿಗೆ ಬಲ

ಮೂರು ವರ್ಷಕ್ಕೇ ಅಕ್ಷರ ತಿದ್ದಿಸಬೇಕು ಅನ್ನುವ ಒತ್ತಾಯ ನನಗೆ ಒಪ್ಪಿಗೆಯಾಗುವುದಿಲ್ಲ. ಬರೆಯುವುದಕ್ಕೆ ಮೊದಲು ಹೆಗಲು, ಮಣಿಕಟ್ಟು, ಬೆರಳು ಗಟ್ಟಿಯಾಗಬೇಕು. ಹಳೇ ಪೇಪರ್ ಹರಿಯುವುದು, ಉಂಡೆ ಕಟ್ಟುವುದು, ರಟ್ಟಿನ ಅಂಚಿಗೆ ಬಟ್ಟೆ ಕ್ಲಿಪ್ ಸಿಕ್ಕಿಸುವುದು, ಇವೆಲ್ಲ ಅದಕ್ಕೇ ಬರುತ್ತವೆ. ಕಾಗದವನ್ನು ಗೋಡೆಗೆ ಅಂಟಿಸಿ ಗೀಚಲು ಬಿಟ್ಟರೆ ಮಣಿಕಟ್ಟು ತಾನಾಗಿ ಸರಿಯಾದ ಭಂಗಿಗೆ ಬರುತ್ತದೆ, ಹೆಗಲಿಗೂ ಕೆಲಸ. ಬಣ್ಣದ ಕಡ್ಡಿ ಮುರಿದು ತುಂಡಾದರೆ ಎಸೆಯಬೇಡಿ. ಸಣ್ಣ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕು.

ಆಟದ ಹಿಟ್ಟಿಗೆ ಎರಡು ಲೋಟ ಹಿಟ್ಟು, ಒಂದು ಲೋಟ ಉಪ್ಪು, ಒಂದು ಚಮಚ ಎಣ್ಣೆ ಬೇಕು. ಸ್ವಲ್ಪ ಸ್ವಲ್ಪವಾಗಿ ನೀರು ಹಾಕುತ್ತಾ ಕೈಗೆ ಅಂಟದಷ್ಟು ನಾದಿ. ಬಿಗಿಯಾದ ಡಬ್ಬಿಯಲ್ಲಿಟ್ಟರೆ ಕೆಲವು ದಿನ ಚೆನ್ನಾಗಿರುತ್ತದೆ. ಇದರಲ್ಲಿ ಉಪ್ಪು ತುಂಬಾ ಜಾಸ್ತಿ, ಹಸಿ ಹಿಟ್ಟಿನಲ್ಲಿ ರೋಗಾಣುಗಳೂ ಇರಬಹುದು. ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಇದು ಬೇಡ.

ಮಾತು, ಸದ್ದು, ನಕ್ಷೆ

ಓದು ಶುರುವಾಗುವುದು ಕಿವಿಯಿಂದ. 'ಚಪ್ಪಲಿ' ಅನ್ನುತ್ತಾ ಮೂರು ಸಲ ಚಪ್ಪಾಳೆ: ಚ, ಪ್ಪ, ಲಿ. 'ಕಿಟಕಿ'ಗೂ ಮೂರು. 'ಮರ'ಕ್ಕೆ ಎಷ್ಟು? ಸರ, ಮರ, ಬರ, ಇನ್ನೇನು ಹೇಳಬಹುದು? ನಡೆಯುವಾಗ, ಸ್ನಾನ ಮಾಡಿಸುವಾಗ ಆಡಿದರೆ ಸಾಕು. ಮಾತನ್ನು ತುಂಡು ಮಾಡಬಹುದು ಅಂತ ಗೊತ್ತಿರುವ ಮಗುವಿಗೆ ಅಕ್ಷರ ಕಲಿಯುವುದು ಹಗುರ.

ಮೂರು ವರ್ಷ ಆದ ಮೇಲೆ ನಿಧಿ ಹುಡುಕುವ ಆಟ ಆಡಿ. ಕೋಣೆಯ ಚಿತ್ರವನ್ನು ಮೇಲಿನಿಂದ ನೋಡಿದ ಹಾಗೆ ಬಿಡಿಸಿ: ಬಾಗಿಲು, ಮಂಚ, ಮೇಜು. ಒಂದು ಗೊಂಬೆಯನ್ನು ಬಚ್ಚಿಟ್ಟು, ಚಿತ್ರದಲ್ಲಿ ಅಲ್ಲಿ ಗುರುತು ಹಾಕಿ. ಜೂಡಿ ಡಿಲೋಶ್ ಅನ್ನುವ ಮನೋವಿಜ್ಞಾನಿ 1987ರಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಯೋಗ ಪ್ರಕಟಿಸಿದರು. ಕೋಣೆಯ ಪುಟ್ಟ ಮಾದರಿಯಲ್ಲಿ ಪುಟ್ಟ ಗೊಂಬೆಯನ್ನು ಬಚ್ಚಿಟ್ಟು ತೋರಿಸಿ, ದೊಡ್ಡ ಗೊಂಬೆ ನಿಜವಾದ ಕೋಣೆಯಲ್ಲಿ ಅದೇ ಜಾಗದಲ್ಲಿದೆ ಅಂತ ಹೇಳಿದರು. ಮೂರು ವರ್ಷದ ಹೆಚ್ಚಿನ ಮಕ್ಕಳು ನೇರವಾಗಿ ಹೋಗಿ ತಂದರು. ಅವರಿಗಿಂತ ಆರು ತಿಂಗಳಷ್ಟೇ ಚಿಕ್ಕವರಾದ ಎರಡೂವರೆ ವರ್ಷದವರಿಗೆ ಅದು ಹೊಳೆಯಲೇ ಇಲ್ಲ. ಪುಟ್ಟ ಗೊಂಬೆ ಎಲ್ಲಿತ್ತು ಅನ್ನುವುದು ಅವರಿಗೂ ಚೆನ್ನಾಗಿ ನೆನಪಿತ್ತು. ಇದು ಅದರ ಗುರುತು ಅನ್ನುವುದು ಮಾತ್ರ ಹೊಳೆಯಲಿಲ್ಲ. ನಕ್ಷೆ, ಅಕ್ಷರ, ಅಂಕಿ ಎಲ್ಲವೂ ಒಂದಕ್ಕೆ ಬದಲಾಗಿ ಇನ್ನೊಂದು ನಿಲ್ಲುವ ಗುರುತುಗಳೇ ಅಲ್ವಾ? ಹಾಗಾಗಿ ಈ ಆಟ ಈ ವಾರ ಆಗದಿದ್ದರೆ ಬಿಟ್ಟುಬಿಡಿ, ಎರಡು ತಿಂಗಳು ಕಳೆದು ಮತ್ತೆ ತೆಗೆಯಿರಿ.

ದೊಡ್ಡವರು ಎಷ್ಟು ಕೈ ಹಾಕಬೇಕು

ನಾವು ಅಂದುಕೊಳ್ಳುವುದಕ್ಕಿಂತ ಕಡಿಮೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಲವು ಥರ ಕೆಲಸ ಮಾಡುವ ಹೊಸ ಆಟಿಕೆಯೊಂದನ್ನು ಮಕ್ಕಳಿಗೆ ಕೊಟ್ಟರು. ಕೆಲವರಿಗೆ 'ನೋಡು, ಇದು ಹೀಗೆ ಮಾಡುತ್ತದೆ' ಅಂತ ಒಂದು ಕೆಲಸವನ್ನು ಕಲಿಸಿಕೊಟ್ಟರು. ಉಳಿದವರಿಗೆ ಹಾಗೆ ಕಲಿಸಲಿಲ್ಲ. ಕಲಿಸಿಕೊಟ್ಟವರು ಅದೊಂದನ್ನೇ ಮಾಡುತ್ತಾ ಉಳಿದದ್ದನ್ನು ಹುಡುಕುವುದನ್ನು ಕಡಿಮೆ ಮಾಡಿದರು. ದೊಡ್ಡವರು ತೋರಿಸಿದರು ಅಂದರೆ ಇದರಲ್ಲಿ ಇರುವುದು ಇಷ್ಟೇ ಅಂತ ಮಕ್ಕಳು ತೀರ್ಮಾನಿಸಿಬಿಡುತ್ತಾರೆ.

ಹಾಗಂತ ಬಿಟ್ಟು ಎದ್ದುಹೋಗುವುದೂ ಅಲ್ಲ. ಪಕ್ಕದಲ್ಲಿ ಕೂತಿರಿ. ಮಗು ಒದ್ದಾಡುತ್ತಿದ್ದರೆ ಮೊದಲು ಕಾಯಿರಿ. ತೀರಾ ಅಳು ಬರುವ ಹಾಗಾದರೆ ಇಡೀ ಕೆಲಸ ಮಾಡಿಕೊಡದೆ ಒಂದೇ ಹೆಜ್ಜೆ ಹಗುರ ಮಾಡಿ: ಡಬ್ಬಿಯನ್ನು ನೀವು ಹಿಡಿದುಕೊಳ್ಳಿ, ಕಾರ್ಡನ್ನು ಅದೇ ಹಾಕಲಿ. 'ಶಭಾಷ್' ಅಂತ ಪದೇ ಪದೇ ಹೇಳುವುದಕ್ಕಿಂತ ನಡೆಯುತ್ತಿರುವುದನ್ನು ಮಾತಿನಲ್ಲಿ ಹೇಳಿ. 'ತಿರುಗಿಸಿದೆ, ಆಗ ಒಳಗೆ ಹೋಯ್ತು.' ಗಮನ ಬೇರೆ ಕಡೆ ಹೋದರೆ ಎತ್ತಿಡಿ. ಎರಡು ವರ್ಷದ ಮಗು ಐದು ನಿಮಿಷ ಕೂತರೂ ಅದು ಚೆನ್ನಾಗಿ ಆಡಿದ ಹಾಗೆಯೇ.

ಜಾಗ್ರತೆ

ಮನೆ ಸಾಮಾನು ಆಟಿಕೆ ಅಂತ ತಯಾರಾದದ್ದಲ್ಲ, ಅದನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಆ ಪರೀಕ್ಷೆ ನಾವೇ ಮಾಡಬೇಕು. ಅಮೆರಿಕದಲ್ಲಿ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳ ಬಿಡಿಭಾಗಗಳನ್ನು 31.7 ಮಿಲಿಮೀಟರ್ ಅಗಲದ ಒಂದು ಕೊಳವೆಗೆ ಹಾಕಿ ನೋಡುತ್ತಾರೆ. ಅದರೊಳಗೆ ಪೂರ್ತಿ ಕೂತರೆ ಆ ವಸ್ತು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತ ಅರ್ಥ. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆ ಬಳಸಿ. ಅದು ಇನ್ನೂ ಸ್ವಲ್ಪ ಅಗಲ ಇರುವುದರಿಂದ ಹೆಚ್ಚು ಸುರಕ್ಷಿತ. ಅದರೊಳಗೆ ತೂರುವ ಗುಂಡಿ, ಮಣಿ, ಗೋಲಿ, ಕಾಳು ಯಾವುದೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಬೇಡ. ಊದದ ಅಥವಾ ಒಡೆದ ಬಲೂನು, ಉದ್ದನೆಯ ದಾರ, ಸಣ್ಣ ಆಯಸ್ಕಾಂತ, ನೀರಿನಲ್ಲಿ ಉಬ್ಬುವ ಜೆಲ್ ಮಣಿಗಳು ಕೂಡ ಬೇಡ.

ನೀರಿನ ಆಟ ಮುಗಿದ ಕೂಡಲೇ ನೀರು ಚೆಲ್ಲಿ, ಬಕೆಟ್ ಬೋರಲು ಹಾಕಿ. ಪುಟ್ಟ ಮಗು ಐದು ಸೆಂಟಿಮೀಟರ್ ನೀರಿನಲ್ಲೂ ಮುಳುಗಬಹುದು, ಅದೂ ಸದ್ದೇ ಇಲ್ಲದೆ. ಗುಂಡಿಯಾಕಾರದ ಬ್ಯಾಟರಿ ಇರುವ ಹಳೇ ರಿಮೋಟು, ಹಾಡುವ ಕಾರ್ಡು ಆಟಕ್ಕೆ ಕೊಡಲೇಬೇಡಿ. ಅಂಥ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಸಮಯವೇ ಇಲ್ಲದವರಿಗೆ

ಆಟ ತಯಾರು ಮಾಡಲು ಪುರಸೊತ್ತಿಲ್ಲ ಅನ್ನುವವರೇ ಹೆಚ್ಚು. ಅವರು ಏನನ್ನೂ ತಯಾರು ಮಾಡುವುದು ಬೇಡ. ಒಗೆದ ಬಟ್ಟೆ ಮಡಚುವಾಗ ಕಾಲುಚೀಲದ ಜೋಡಿ ಹುಡುಕುವ ಕೆಲಸ ಮಗುವಿಗೆ ಬಿಡಿ. ದೊಡ್ಡದು ಯಾರದು, ಸಣ್ಣದು ಯಾರದು ಅಂತ ಕೇಳಿ. ಡಬ್ಬಿಗಳಿಗೆ ಸರಿಯಾದ ಮುಚ್ಚಳ ಹುಡುಕಿಸಿ. ಒದ್ದೆ ಬಟ್ಟೆ ಕೊಟ್ಟು ಮೇಜು ಒರೆಸಲು ಹೇಳಿ. ಗಿಡಕ್ಕೆ ಒಂದೊಂದು ಲೋಟ ನೀರು ಹಾಕಿಸಿ. ಜೋಡಿಸುವುದು, ಅಳೆಯುವುದು, ಸುರಿಯುವುದು, ಎಣಿಸುವುದು ಎಲ್ಲವೂ ಇದರಲ್ಲೇ ಇವೆ, ಜೊತೆಗೆ ಅದು ನಿಜವಾದ ಕೆಲಸ ಅನ್ನುವುದು ಮಗುವಿಗೂ ಗೊತ್ತು. ಒಂದೇ ತೊಂದರೆ, ಕೆಲಸ ಮುಗಿಯಲು ದುಪ್ಪಟ್ಟು ಹೊತ್ತು ಹಿಡಿಯುತ್ತದೆ. ಹಾಗಾಗಿ ಬೆಳಗಿನ ಗಡಿಬಿಡಿಯಲ್ಲಿ ಬೇಡ, ಹೊರಗೆ ಹೊರಡುವ ಅವಸರ ಇಲ್ಲದ ಹೊತ್ತಿಗೆ ಇಟ್ಟುಕೊಳ್ಳಿ. ದಿನಕ್ಕೆ ಒಂದು ಕೆಲಸ ಸಾಕು.